ವಂಕಿ ತೆಗೆಸಿದ ಮೇಲೆ

ಕೊಚ್ಚಿಯ ಇನ್ಫೋಪಾರ್ಕ್‌ನಲ್ಲೋ ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲೋ ಕೆಲಸಕ್ಕಿದ್ದು, ಕೆಲವು ವರ್ಷ ಗರ್ಭಕೋಶದಲ್ಲಿ ಇಟ್ಟುಕೊಂಡಿದ್ದ ಹಾರ್ಮೋನ್ ವಂಕಿಯನ್ನು ತೆಗೆಸಲು ಹೊರಟ ಕನ್ನಡದ ಹೆಣ್ಣುಮಗಳ ಕಿವಿಗೆ ಎರಡು ಮಾತು ಬೀಳುತ್ತವೆ. ‘ಈ ತಿಂಗಳೇ ಪ್ರಯತ್ನಿಸಿ, ಏನೂ ತೊಂದರೆಯಿಲ್ಲ’ ಎನ್ನುತ್ತಾರೆ ಡಾಕ್ಟರು. ‘ಅಷ್ಟು ವರ್ಷ ಮುಟ್ಟೇ ಸರಿಯಾಗಿ ಆಗಿಲ್ಲ, ಇನ್ನು ಬಸಿರು ನಿಲ್ಲುತ್ತದೇನೇ?’ ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಕೇಳುತ್ತಾಳೆ. ಮೊದಲನೆಯದನ್ನು ವಿಜ್ಞಾನವೆಂದು ಎತ್ತಿಹಿಡಿದು ಎರಡನೆಯದನ್ನು ಅಜ್ಞಾನವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಡಾಕ್ಟರು ಅವಸರದಲ್ಲಿ ಬಿಟ್ಟುಬಿಡುವ ಒಂದು ಅಂಶ ಅಮ್ಮನ ಪ್ರಶ್ನೆಯಲ್ಲಿದೆ.

ಮೊದಲು ಡಾಕ್ಟರ ಪಕ್ಷ. ಮಿರೇನಾದಂಥ ವಂಕಿಯಲ್ಲಿ 52 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇರುತ್ತದೆ. ಆರಂಭದಲ್ಲಿ ಅದು ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಂತೆ ಗರ್ಭಕೋಶದೊಳಗೇ ಒಸರುತ್ತದೆ. ಒಳಪದರ ತೆಳುವಾಗುತ್ತದೆ, ಗರ್ಭಕೋಶದ ಬಾಯಿಯ ಲೋಳೆ ದಪ್ಪಗಾಗಿ ವೀರ್ಯಾಣುವಿಗೆ ದಾರಿ ಮುಚ್ಚುತ್ತದೆ. ಒಳಪದರ ಬೆಳೆಯದ್ದರಿಂದ ಮುಟ್ಟು ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇಹೋಗುತ್ತದೆ. ಆದರೆ ಹೆಚ್ಚಿನವರಲ್ಲಿ ಅಂಡಾಶಯ ಆಗಲೂ ತನ್ನ ಕೆಲಸ ನಡೆಸುತ್ತಲೇ ಇರುತ್ತದೆ. ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂಬ ಭಯಕ್ಕೆ ಹಾಗಾಗಿ ಆಧಾರವಿಲ್ಲ.

ಅಂಕಿಗಳೂ ಇದನ್ನೇ ಹೇಳುತ್ತವೆ. ಡೆನ್ಮಾರ್ಕ್ ಮತ್ತು ಉತ್ತರ ಅಮೆರಿಕದ 17,954 ಹೆಂಗಸರನ್ನು ಅನುಸರಿಸಿದ ಅಧ್ಯಯನವೊಂದು 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಹಾರ್ಮೋನ್ ವಂಕಿಯಾಗಲಿ ಕಾಪರ್-ಟಿಯಾಗಲಿ, ತೆಗೆಸಿದ ಮೇಲೆ ಫಲವತ್ತತೆ ಮೊದಲಿನಂತಾಗಲು ಹಿಡಿದದ್ದು ಸುಮಾರು 2 ಋತುಚಕ್ರ. ಗುಳಿಗೆ ಬಿಟ್ಟವರಿಗೆ 3. ಚುಚ್ಚುಮದ್ದು ನಿಲ್ಲಿಸಿದವರಿಗೆ 5ರಿಂದ 8. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರಾ’ ಹೆಸರಿನಲ್ಲಿ ಕೊಡುವುದು ಆ ಬಗೆಯ ಚುಚ್ಚುಮದ್ದೇ. ಎಷ್ಟು ವರ್ಷ ಬಳಸಿದರೆಂಬುದಕ್ಕೂ ಬಸಿರಾಗುವ ಸಾಧ್ಯತೆಗೂ ಹೇಳಿಕೊಳ್ಳುವಂಥ ನಂಟು ಆ ಅಧ್ಯಯನದಲ್ಲಿ ಕಾಣಲಿಲ್ಲ.

ಹಾಗಾದರೆ ಅಮ್ಮನ ಭಯ ಎಲ್ಲಿಂದ ಬಂತು? ಅದಕ್ಕೊಂದು ಚರಿತ್ರೆಯಿದೆ. 1965ರಲ್ಲಿ ಸರ್ಕಾರ ಲಿಪ್ಪಿಸ್ ಲೂಪ್ ಎಂಬ ವಂಕಿಯನ್ನು ದೇಶದುದ್ದಕ್ಕೂ ಹಂಚಿತು. ಹಾಕಿಸಿಕೊಂಡವರಿಗೆ ರಕ್ತಸ್ರಾವ, ನೋವು ಕಾಣಿಸಿಕೊಂಡಾಗ ವಿಚಾರಿಸುವವರು ಸಾಲದಾದರು. ಅಮೆರಿಕದಲ್ಲಿ 1970ರ ದಶಕದ ಡಾಲ್ಕನ್ ಶೀಲ್ಡ್ ಎಂಬ ವಂಕಿ ಸೋಂಕು ತಂದು ಎಷ್ಟೋ ಹೆಂಗಸರ ಗರ್ಭನಾಳವನ್ನೇ ಕೆಡಿಸಿತು. ಕೊಚ್ಚಿಯ ನೆನಪು ಬೇರೆ ಬಗೆಯದು. 1971ರ ಜುಲೈನಲ್ಲಿ, ಎಸ್. ಕೃಷ್ಣಕುಮಾರ್ ಜಿಲ್ಲಾಧಿಕಾರಿಯಾಗಿದ್ದಾಗ, ಎರ್ನಾಕುಲಂನ ಒಂದೇ ಶಿಬಿರದಲ್ಲಿ 63,418 ಗಂಡಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಗುರಿ, ಬಹುಮಾನ, ಶಿಬಿರ ಎಂದು ಬಂದ ಕುಟುಂಬ ಯೋಜನೆಯನ್ನು ಕಂಡ ತಲೆಮಾರು ‘ಏನೂ ಆಗುವುದಿಲ್ಲ’ ಎಂಬ ಭರವಸೆಯನ್ನು ಸಂಶಯದಿಂದ ಕೇಳಿದರೆ ಅದರ ತಪ್ಪಿಲ್ಲ.

ಆದರೆ ಆ ಹಳೆಯ ಸಾಧನಗಳ ಪಾಪವನ್ನು ಇಂದಿನ ವಂಕಿಯ ತಲೆಗೆ ಕಟ್ಟಲಾಗದು. ಮೆಕ್ಸಿಕೊದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗರ್ಭನಾಳ ಮುಚ್ಚಿಹೋದವರಲ್ಲಿ ಕಾಪರ್-ಟಿ ಬಳಕೆಯ ದೋಷ ಕಾಣಲಿಲ್ಲ. ಕಂಡದ್ದು ಕ್ಲಮೈಡಿಯಾ ಸೋಂಕಿನ ಗುರುತು. ಎರ್ನಾಕುಲಂ ಶಿಬಿರದ ಚಿಕಿತ್ಸೆ ಹೆಚ್ಚುಕಡಿಮೆ ಕೊನೆಯ ನಿರ್ಧಾರವಾಗಿದ್ದರೆ, ತಿರುವನಂತಪುರದ ಎಚ್‌ಎಲ್‌ಎಲ್ ಕಂಪನಿ ತನ್ನ ಆಕ್ಕುಳಂ ಕಾರ್ಖಾನೆಯಲ್ಲಿ ಮಾಡುವ ಕಾಪರ್-ಟಿ ಬೇಕಾದಾಗ ತೆಗೆಸಬಹುದಾದದ್ದು. ಮನಸ್ಸು ಬದಲಿಸುವ ಹಕ್ಕು ಹೆಣ್ಣಿನ ಕೈಗೆ ಬಂದದ್ದು ಸಣ್ಣ ಸಂಗತಿಯಲ್ಲ. 

ಇನ್ನು ಡಾಕ್ಟರು ಬಿಟ್ಟುಬಿಡುವ ಅಂಶ. ಡೆನ್ಮಾರ್ಕ್ ಮತ್ತು ಉತ್ತರ ಅಮೆರಿಕದ ಆ ಅಧ್ಯಯನದಲ್ಲಿದ್ದವರು ಹೆಚ್ಚಾಗಿ ಮಗು ಮುಂದೂಡಲೆಂದು ಗರ್ಭನಿರೋಧಕ ಬಳಸಿದವರು. ನಮ್ಮಲ್ಲಿ ಬಹಳ ಮಂದಿಗೆ ಮಿರೇನಾ ಹಾಕುವುದು ವಿಪರೀತ ರಕ್ತಸ್ರಾವಕ್ಕೆ, ಎಂಡೊಮೆಟ್ರಿಯೋಸಿಸ್‌ನ ನೋವಿಗೆ, ಗರ್ಭಕೋಶದ ಗೋಡೆ ದಪ್ಪಗಾಗುವ ಅಡಿನೊಮಯೋಸಿಸ್‌ಗೆ. ವಂಕಿ ಇದ್ದಷ್ಟು ಕಾಲ ಆ ಕಾಯಿಲೆ ಸುಮ್ಮನಿರುತ್ತದೆ, ತೆಗೆಸಿದಾಗ ಮತ್ತೆ ತಲೆಯೆತ್ತಬಹುದು. ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆಯಿಂದ ಮುಟ್ಟು ಏರುಪೇರಾಗುತ್ತಿದ್ದವರಿಗೂ ಅಷ್ಟೂ ವರ್ಷ ಅದರ ಸುಳಿವು ಸಿಕ್ಕಿರುವುದಿಲ್ಲ. ಇವರಿಗೆ ಬಸಿರು ತಡವಾದರೆ ಕಾರಣ ವಂಕಿಯಲ್ಲ. ಆದರೆ ‘ಏನೂ ತೊಂದರೆಯಿಲ್ಲ’ ಎಂಬ ಭರವಸೆಯೂ ಇವರಿಗೆ ಹೊಂದುವುದಿಲ್ಲ. ಜೊತೆಗೆ ವಯಸ್ಸು. ಇಪ್ಪತ್ತೆಂಟಕ್ಕೆ ಹಾಕಿಸಿ ಮೂವತ್ತಾರಕ್ಕೆ ತೆಗೆಸಿದವಳ ಫಲವತ್ತತೆ ಮರಳುವುದು ಮೂವತ್ತಾರರ ಫಲವತ್ತತೆಯಾಗಿಯೇ. ತೆಗೆಸುವ ದಿನ ‘ಇದನ್ನು ಹಾಕಿಸಿದ್ದು ಯಾತಕ್ಕೆ?’ ಎಂದು ಡಾಕ್ಟರು ಕೇಳಲೇಬೇಕು. ಕೇಳದಿದ್ದರೆ ನೀವೇ ಹೇಳಿ.

ಎಷ್ಟು ದಿನ ಕಾಯುವುದು ಎಂಬುದು ಇನ್ನೊಂದು ತಕರಾರು. 35ರ ಒಳಗಿದ್ದು ಬೇರೆ ಕಾಯಿಲೆಯಿಲ್ಲದಿದ್ದರೆ ಒಂದು ವರ್ಷ, 35 ದಾಟಿದ್ದರೆ 6 ತಿಂಗಳು ಪ್ರಯತ್ನಿಸಿ ಆಮೇಲೆ ತಪಾಸಣೆಗೆ ಹೋಗಿ ಎಂಬುದು ವೈದ್ಯರ ಸಾಮಾನ್ಯ ಸಲಹೆ. ಕೊಚ್ಚಿಯಲ್ಲಿ ಬಂಜೆತನ ಚಿಕಿತ್ಸೆಯ ಖಾಸಗಿ ಆಸ್ಪತ್ರೆಗಳಿಗೆ ಬರವಿಲ್ಲ, ತಿರುವನಂತಪುರದ ಸರ್ಕಾರಿ ಎಸ್‌ಎಟಿ ಆಸ್ಪತ್ರೆಯಲ್ಲೂ ಐವಿಎಫ್ ಇದೆ. ಬಾಗಿಲು ಇಷ್ಟು ಹತ್ತಿರವಿರುವಾಗ, ಬಂಧುಗಳು ‘ಏನಾದರೂ ವಿಶೇಷವೇ?’ ಎಂದು ಕೇಳುತ್ತಿರುವಾಗ, ಮೂರನೇ ತಿಂಗಳಿಗೇ ಹೋಗಬೇಕೆನ್ನಿಸುವುದು ಸಹಜ. ಬೇಗ ಹೋದರೆ ಥೈರಾಯ್ಡ್, ರುಬೆಲ್ಲಾ ಪರೀಕ್ಷೆಯಾಗುತ್ತದೆ, ಅದು ಒಳ್ಳೆಯದೇ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನಂತೂ ಪ್ರಯತ್ನಕ್ಕೆ ಮೊದಲೇ ಶುರುಮಾಡಬೇಕು. ಆದರೆ ಅಂಡಾಶಯದಲ್ಲಿ ಉಳಿದ ಅಂಡಗಳ ಅಂದಾಜು ಕೊಡುವ ಎಎಂಎಚ್ ಪರೀಕ್ಷೆಯ ಒಂದು ಸಂಖ್ಯೆ ನೋಡಿ ಎದೆಗುಂದುವುದು ಬೇಡ. ಬಂಜೆತನದ ಇತಿಹಾಸವಿಲ್ಲದ 30ರಿಂದ 44 ವಯಸ್ಸಿನ 750 ಹೆಂಗಸರಲ್ಲಿ ನಡೆದ 2017ರ ಅಧ್ಯಯನದಲ್ಲಿ ಎಎಂಎಚ್ ಕಡಿಮೆಯಿದ್ದವರೂ ಉಳಿದವರಷ್ಟೇ ಸಲೀಸಾಗಿ ಬಸಿರಾಗಿದ್ದರು. ಎಂಡೊಮೆಟ್ರಿಯೋಸಿಸ್ ಇದ್ದವರ, ತೆಗೆಸಿ ಮೂರು ತಿಂಗಳಾದರೂ ಮುಟ್ಟು ಬಾರದವರ ಮಾತು ಬೇರೆ. ಅವರು ಒಂದು ವರ್ಷ ಕಾಯಬಾರದು.

ಈ ಲೆಕ್ಕಾಚಾರವೆಲ್ಲ ಹೆಣ್ಣಿನ ಒಡಲಿನ ಸುತ್ತಲೇ ನಡೆಯುವುದು ನನಗೆ ಬೇಸರದ ಸಂಗತಿ. ಎರ್ನಾಕುಲಂನಲ್ಲಿ ಗಂಡಸರು ಸಾಲುಗಟ್ಟಿ ನಿಂತ ಈ ದೇಶದಲ್ಲಿ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಪುರುಷ ಸಂತಾನಹರಣದ ಪ್ರಮಾಣ ಶೇ. 0.3ಕ್ಕೆ ಇಳಿದಿತ್ತು. ಗರ್ಭ ತಡೆಯುವ ಹೊರೆ ಹೊತ್ತವಳ ಮೇಲೆಯೇ ಗರ್ಭ ನಿಲ್ಲದ ಆರೋಪವೂ ಬೀಳುತ್ತದೆ. ಮಗು ತಡವಾದ ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಸಾಮಾನ್ಯ. ವೀರ್ಯ ಪರೀಕ್ಷೆ ಅಗ್ಗ, ಅದಕ್ಕೆ ಸೂಜಿಯಿಲ್ಲ, ಅರಿವಳಿಕೆಯಿಲ್ಲ. ಹೆಂಡತಿಯ ಗರ್ಭನಾಳಕ್ಕೆ ಎಕ್ಸ್‌ರೇಯಲ್ಲಿ ಕಾಣುವಂಥ ದ್ರವ ಹಾಯಿಸಿ ಚಿತ್ರ ತೆಗೆಯುವ ಮೊದಲು ಗಂಡ ಪ್ರಯೋಗಾಲಯಕ್ಕೆ ಹೋಗಿ ಬರಲಿ.