ಜಾಂಗಲ ದೇಶವೂ ಬಳ್ಳಾರಿ ಜಾಲಿಯೂ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಎರೆಯ ಬಯಲನ್ನು ಕುರಿತು ಮಾತು ಬಂದಾಗಲೆಲ್ಲ ವಿದ್ಯಾವಂತರಾದ ಗೃಹಸ್ಥರ ಬಾಯಿಂದ ಮೊದಲು ಹೊರಡುವ ಶಬ್ದವು ‘ಬರಡು’ ಎಂಬುದಾಗಿರುತ್ತದೆ. ಗಿಡವಿಲ್ಲ, ಮರವಿಲ್ಲ, ನೆರಳಿಲ್ಲ. ಆದಕಾರಣ ಏನನ್ನಾದರೂ ನೆಟ್ಟು ಹಸಿರು ಮಾಡಬೇಕು ಎಂಬುದು ಅವರ ತರ್ಕ. ಈ ತರ್ಕದಲ್ಲಿ ಹೇತುವೇ ಅಸಿದ್ಧವಾದುದು. ಆ ಅಸಿದ್ಧ ಹೇತುವಿನ ಮೇಲೆ ನಿಂತು ಸುಮಾರು ಒಂದೂವರೆ ಶತಮಾನದಿಂದ ದೇಶದಲ್ಲಿ ನಡೆದು ಬಂದ ಪ್ರಯೋಗದ ಫಲವು ಇಂದು ಹಳ್ಳದ ದಂಡೆಗಳಲ್ಲಿಯೂ ಕೆರೆಯಂಗಳಗಳಲ್ಲಿಯೂ ಗಾಯರಾಣಗಳಲ್ಲಿಯೂ ಬಳ್ಳಾರಿ ಜಾಲಿಯ ರೂಪದಿಂದ ಮುಳ್ಳು ಚಾಚಿ ನಿಂತಿರುತ್ತದೆ. ರೋಗವನ್ನು ತಿಳಿಯದೆ ಔಷಧ ಕೊಟ್ಟರೆ ಆಗುವ ಅನರ್ಥಕ್ಕಿಂತ, ರೋಗವೇ ಇಲ್ಲದವನಿಗೆ ಔಷಧ ಕೊಟ್ಟರೆ ಆಗುವ ಅನರ್ಥವು ದೊಡ್ಡದು.

ಬಯಲು ಬರಡೇ? ಈ ಪ್ರಶ್ನೆಯನ್ನು ಪ್ರಾಚೀನರು ಎಂದೋ ವಿಚಾರಿಸಿ ಇತ್ಯರ್ಥ ಮಾಡಿದ್ದಾರೆ. ಆಯುರ್ವೇದದ ಆಚಾರ್ಯರು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಆನೂಪವೆಂದರೆ ನೀರು ಹೆಚ್ಚಾದ, ಮರಗಳು ದಟ್ಟವಾದ, ಗಾಳಿ ಆಡದ ನೆಲ. ಜಾಂಗಲವೆಂದರೆ ಆಕಾಶವು ತೆರೆದು ಕಾಣುವ, ನೀರು ಅಲ್ಪವಾದ, ಶಮೀ ಖದಿರ ಬದರಿಗಳಂಥ ಗಟ್ಟಿ ಮರಗಳು ಅಲ್ಲಲ್ಲಿ ನಿಂತ, ಒಣಗಾಳಿಯ ಬಯಲು. ಇವುಗಳಲ್ಲಿ ಅವರು ಆರೋಗ್ಯಕರವೆಂದು ಹೊಗಳಿದ್ದು ಜಾಂಗಲವನ್ನೇ. ರೋಗಗಳ ಮನೆಯೆಂದು ಎಚ್ಚರಿಸಿದ್ದು ಆನೂಪವನ್ನು. ಧರ್ಮಶಾಸ್ತ್ರಕಾರರಾದರೂ ಯಜ್ಞಕ್ಕೆ ಯೋಗ್ಯವಾದ ದೇಶದ ಲಕ್ಷಣವನ್ನು ಹೇಳುವಾಗ ಕೃಷ್ಣಮೃಗವು ಸ್ವಭಾವತಃ ಸಂಚರಿಸುವ ನೆಲವೆಂದೇ ಹೇಳಿದರು. ಆ ಕೃಷ್ಣಮೃಗವೇ ಈ ಸೀಮೆಯ ಚಿಗರಿ. ನರೇಗಲ್ಲಿನ ಸುತ್ತಲಿನ ಹೊಲಗಳಲ್ಲಿ ಇಂದಿಗೂ ಅದು ಹಿಂಡುಹಿಂಡಾಗಿ ಮೇಯುತ್ತಿರುವುದನ್ನು ಕಂಡು ಒಕ್ಕಲಿಗನು ಹಲ್ಲು ಕಡಿಯುತ್ತಿದ್ದಾನೆ. ಶಾಸ್ತ್ರದ ಲಕ್ಷಣವೂ ಕಣ್ಣಿನ ಪ್ರತ್ಯಕ್ಷವೂ ಹೀಗೆ ಒಂದಾಗಿರುವಾಗ, ಈ ನೆಲವು ಕೆಟ್ಟುಹೋದ ಅರಣ್ಯವಲ್ಲ, ತನ್ನದೇ ಆದ ಧರ್ಮವುಳ್ಳ ಜಾಂಗಲ ದೇಶವೆಂಬುದರಲ್ಲಿ ಸಂಶಯವೇತಕ್ಕೆ? ವಿನೋದವೆಂದರೆ, ಈ ‘ಜಾಂಗಲ’ ಶಬ್ದದಿಂದಲೇ ಹುಟ್ಟಿದ ‘ಜಂಗಲ್’ ಎಂಬ ಪದವು ದೇಶಭಾಷೆಗಳಲ್ಲಿ ದಟ್ಟ ಕಾಡಿನ ಹೆಸರಾಗಿ ಕುಳಿತಿತು. ಶಬ್ದವು ತಲೆಕೆಳಗಾದಂತೆ ಬುದ್ಧಿಯೂ ಆಯಿತು. ಕಂದಾಯದ ಲೆಕ್ಕದಲ್ಲಿ ತೆರಿಗೆ ಬಾರದ ಹುಲ್ಲಿನ ನೆಲಕ್ಕೆ ಬಂಜರೆಂದು ಹೆಸರು ಬಿತ್ತು. ಆಂಗ್ಲರು ಹೋದ ಮೇಲೆಯೂ ಹೆಸರು ಹೋಗಲಿಲ್ಲ. ಭಾರತ ಸರಕಾರದ ಬಂಜರುಭೂಮಿಯ ನಕ್ಷಾಸಂಪುಟಗಳಲ್ಲಿ ಕುರುಚಲು ಹುಲ್ಲಿನ ಬಯಲು ಅದೇ ತಲೆಬರಹದ ಕೆಳಗೆ ಇಂದಿಗೂ ಎಣಿಕೆಯಾಗುತ್ತಿದೆ.

ಬಳ್ಳಾರಿ ಜಾಲಿಗೆ ಬಳ್ಳಾರಿಯು ತವರಲ್ಲ. ಅದರ ಜನ್ಮಭೂಮಿ ಮೆಕ್ಸಿಕೋ, ಮಧ್ಯ ಅಮೇರಿಕ ಮತ್ತು ದಕ್ಷಿಣ ಅಮೇರಿಕದ ಉತ್ತರ ಭಾಗ. ಮದ್ರಾಸು ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮ್ ಸಾಹೇಬರು ಸೌದೆಯ ಅಭಾವವನ್ನು ನೀಗಬೇಕೆಂದು ಬೀಜವನ್ನು ಬೇಡಿ, ೧೮೭೭ರಲ್ಲಿ ಜಮೇಕ ದ್ವೀಪದಿಂದ ಬಂದ ಬೀಜವನ್ನು ಕಡಪಾ ಸೀಮೆಯಲ್ಲಿ ಬಿತ್ತಿಸಿದರು. ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮವು ದಕ್ಷಿಣವನ್ನು ನುಂಗುತ್ತಿದ್ದ ಕಾಲವದು. ಅವರ ಉದ್ದೇಶವನ್ನು ಯಾರೂ ಹಳಿಯಲಾರರು. ಅನಂತರ ೧೯೪೦ರಲ್ಲಿ ಜೋಧಪುರದ ಸಂಸ್ಥಾನವು ಇದಕ್ಕೆ ರಾಜವೃಕ್ಷವೆಂಬ ಪದವಿಯನ್ನು ಕೊಟ್ಟು ರಕ್ಷಿಸಿತು. ೧೯೬೧ರ ಸುಮಾರಿಗೆ ಕಚ್ಛದ ಬನ್ನಿ ಎಂಬ ವಿಶಾಲವಾದ ಹುಲ್ಲುಗಾವಲಿನಲ್ಲಿ ಉಪ್ಪುನೆಲದ ಹರಹನ್ನು ತಡೆಯಲು ಅರಣ್ಯ ಇಲಾಖೆಯು ಇದನ್ನು ಹಚ್ಚಿತು. ಇಂದು ಆ ಹುಲ್ಲುಗಾವಲಿನ ಅರ್ಧಕ್ಕಿಂತ ಹೆಚ್ಚಿನ ಭಾಗವು ಜಾಲಿಯ ವಶವಾಗಿ, ಎಮ್ಮೆ ಕಟ್ಟಿ ಬಾಳಿದ ಮಾಲಧಾರಿಗಳು ಹುಲ್ಲಿಗಾಗಿ ಪರದಾಡುವಂತಾಗಿದೆ.

ಈ ವೃಕ್ಷದ ಯುಕ್ತಿಯನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಇದರ ಕಾಯಿ ಸಿಹಿ. ಕುರಿ, ಆಡು, ದನಗಳು ಆಸೆಪಟ್ಟು ತಿನ್ನುತ್ತವೆ. ಕಾಯಿಯ ತಿರುಳು ಜೀರ್ಣವಾಗುವುದು. ಬೀಜಕ್ಕೆ ಏನೂ ಆಗುವುದಿಲ್ಲ. ಹೊಟ್ಟೆಯಲ್ಲಿ ಮೆತ್ತಗಾದ ಬೀಜವು ಗೊಬ್ಬರದೊಡನೆಯೇ ನೆಲಕ್ಕೆ ಬಿದ್ದು ಮೊಳೆಯುವುದು. ಅಂದರೆ, ಹುಲ್ಲನ್ನು ನಂಬಿದ ಕುರಿಯೇ ಹುಲ್ಲಿನ ಶತ್ರುವನ್ನು ಹೊತ್ತು ತಿರುಗುವ ಚಾಕರನಾಗುವುದು. ಮೇಲೆ ಕಡಿದರೆ ಬುಡದಿಂದ ಒಂದಕ್ಕೆ ಹತ್ತು ಚಿಗುರುವುದು. ಕೊಡಲಿಯು ಇದಕ್ಕೆ ಶಿಕ್ಷೆಯಲ್ಲ, ಉಪಚಾರ. ಬೇರು ಪಾತಾಳವನ್ನು ಹುಡುಕುವುದು. ಅಮೇರಿಕದ ಅರಿಜೋನದ ಗಣಿಯೊಂದರಲ್ಲಿ ಇದೇ ಕುಲದ ಗಿಡದ ಬೇರು ನೂರೈವತ್ತು ಅಡಿಗೂ ಮಿಕ್ಕ ಆಳದಲ್ಲಿ ಸಿಕ್ಕಿತೆಂದು ಸಸ್ಯಶಾಸ್ತ್ರಜ್ಞರು ೧೯೬೦ರಲ್ಲಿ ಬರೆದಿಟ್ಟಿದ್ದಾರೆ. ಮಹದಾಯಿಯ ನೀರಿಗಾಗಿ ೨೦೧೫ರ ಜುಲೈ ತಿಂಗಳಲ್ಲಿ ಧರಣಿ ಕುಳಿತ ನರಗುಂದದವರು, ತಮ್ಮ ಊರ ಕೆರೆಯಂಗಳದಲ್ಲಿ ಅಹೋರಾತ್ರಿ ನೀರು ಹೀರುತ್ತ ಕುಳಿತಿರುವ ಈ ಅತಿಥಿಯನ್ನು ಒಂದು ಮಾತು ಕೇಳಬಾರದೇ?

ಈಗ ಪೂರ್ವಪಕ್ಷಿಗಳ ಮಾತು. ಅವರಲ್ಲಿ ಮೊದಲಿಗರು ದಯಾವಂತರು: ಜಾಲಿಯು ಬಡವರ ಸೌದೆ, ಅದನ್ನು ಕಿತ್ತರೆ ಬಡವರ ಒಲೆ ಆರುವುದೆಂದು ಅವರು ಹೇಳುವರು. ಈ ಮಾತಿನಲ್ಲಿ ಸತ್ಯಾಂಶವಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಎಷ್ಟೋ ಕೂಲಿಯ ಹೆಂಗಸರು ಈ ಕಟ್ಟಿಗೆಯಿಂದಲೇ ರೊಟ್ಟಿ ಬೇಯಿಸಿದ್ದಾರೆ. ಇದ್ದಲು ಸುಟ್ಟು ಬದುಕಿದ ಮನೆಗಳೂ ಇವೆ. ಆದರೆ ಕುರಿಗಾರನೂ ಬಡವನೇ. ಅವನ ಹಿಂಡಿಗೆ ಗಾಯರಾಣದಲ್ಲಿ ಹುಲ್ಲಿಲ್ಲದಂತೆ ಮಾಡಿದ್ದು ಯಾರು? ಎರೆಯ ಹೊಲದಲ್ಲಿ ಕುರಿಹಿಂಡನ್ನು ರಾತ್ರಿ ನಿಲ್ಲಿಸಿಕೊಂಡು ಗೊಬ್ಬರ ಪಡೆಯುತ್ತಿದ್ದ ಒಕ್ಕಲಿಗನ ನಷ್ಟವನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕು? ಕೆನ್ಯಾ ದೇಶದ ಬರಿಂಗೋ ಸೀಮೆಯಲ್ಲಿ ಇದೇ ಜಾಲಿಯನ್ನು ೧೯೮೦ರ ದಶಕದಲ್ಲಿ ಬಡವರ ಉಪಕಾರಕ್ಕೆಂದೇ ನೆಡಿಸಿದರು. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ, ೨೦೦೬ರಲ್ಲಿ, ಅಲ್ಲಿಯ ಇಲ್ಚಾಮಸ್ ಎಂಬ ಪಶುಪಾಲಕ ಜನರು ಸರಕಾರದ ಮೇಲೆ ದಾವೆ ಹೂಡಿ, ಸಿಹಿಕಾಯಿ ತಿಂದು ಹಲ್ಲುದುರಿಸಿಕೊಂಡ ಆಡೊಂದನ್ನು ನ್ಯಾಯಾಸನದ ಮುಂದೆ ಸಾಕ್ಷಿಯಾಗಿ ನಿಲ್ಲಿಸಿದರು. ಬಡವರ ಹೆಸರಿನಲ್ಲಿ ವಾದಿಸುವವರು ಆ ಆಡಿನ ಬಾಯನ್ನು ಒಮ್ಮೆ ನೋಡಿಬರಬೇಕು. ಕಟ್ಟಿಗೆಯ ಚಿಂತೆಗೆ ಉತ್ತರ ಸುಲಭವಾಗಿದೆ: ಜಾಲಿಯನ್ನು ಬುಡಸಹಿತ ಅಗೆಯುವ ಕೂಲಿಯೂ, ಅಗೆದ ಕಟ್ಟಿಗೆಯೂ ಆ ಹೆಂಗಸರಿಗೇ ಸಲ್ಲಲಿ. ಗುತ್ತಿಗೆದಾರನ ಲಾರಿಗೆ ಹೋಗುವ ಮರದಿಂದ ಯಾವ ಬಡವಳ ಒಲೆಯೂ ಉರಿದಿಲ್ಲ.

ಎರಡನೆಯ ಪಕ್ಷದವರು ಹೆಚ್ಚು ಓದಿದವರು. ಜಗತ್ತು ಕಾಯುತ್ತಿದೆ, ಇಂಗಾಲಾಮ್ಲ ವಾಯುವು ಹೆಚ್ಚುತ್ತಿದೆ, ಮರವಾವುದಾದರೇನು, ಅದನ್ನು ಹೀರಿದರೆ ಸಾಕು ಎಂಬುದು ಅವರ ವಾದ. ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿಯುವ ಭ್ರಾಂತಿಯನ್ನು ತರ್ಕಪಾಠದಲ್ಲಿ ಮಕ್ಕಳಿಗೆ ಹೇಳಿಕೊಡುವುದುಂಟು. ಹಸಿರಾದುದೆಲ್ಲ ಹಿತವೆಂಬ ಭ್ರಾಂತಿಯೂ ಅದೇ ಜಾತಿಯದು. ಹುಲ್ಲು ಇಂಗಾಲವನ್ನು ಕೊಂಬೆಯಲ್ಲಿಡದೆ ಬೇರಿನಲ್ಲಿಯೂ ಮಣ್ಣಿನಲ್ಲಿಯೂ ಇಡುವುದರಿಂದ ಅದು ಇವರ ಕಣ್ಣಿಗೆ ಬೀಳದು. ಅದಿರಲಿ, ಕಾಯುವ ಜಗತ್ತಿನಲ್ಲಿ ಗೆಲ್ಲುವವರಾರು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಬಿಸಿಲುನಾಡಿನ ಹುಲ್ಲುಗಳೂ ಬಿಳಿಜೋಳವೂ ಅಲ್ಪ ಇಂಗಾಲಾಮ್ಲದಲ್ಲಿಯೇ ಚೆನ್ನಾಗಿ ಬೆಳೆಯುವ ವಿಶೇಷವಾದ ಅಂಗರಚನೆಯುಳ್ಳವು. ಆ ವಾಯುವು ಹೆಚ್ಚಿದರೆ ಅವುಗಳಿಗೆ ಆಗುವ ಲಾಭ ಕಡಿಮೆ. ಜಾಲಿಯಂಥ ಮುಳ್ಳುಗಿಡಗಳಿಗೆ ಆಗುವ ಲಾಭ ಅಧಿಕ. ಮೇಲಾಗಿ ಮಳೆಯ ಕ್ರಮವೂ ಕೆಟ್ಟಿದೆ. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಮಲಪ್ರಭೆಯೂ ಬೆಣ್ಣೆಹಳ್ಳವೂ ಉಕ್ಕಿ ಕೊಣ್ಣೂರು, ಹೊಳೆಆಲೂರುಗಳ ಕಡೆಯ ಜನರನ್ನು ಮನೆಬಿಡಿಸಿದವು. ೨೦೨೩ರಲ್ಲಿ ರಾಜ್ಯದ ೨೩೬ ತಾಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಪ್ರವಾಹವು ಬೀಜವನ್ನು ದಂಡೆಯುದ್ದಕ್ಕೂ ಹರಡುವುದು, ಬರವು ಹುಲ್ಲನ್ನು ಸುಟ್ಟು ಅದಕ್ಕೆ ಸ್ಥಳ ತೆರವು ಮಾಡುವುದು. ಎರಡೂ ವಿಪತ್ತುಗಳಿಂದ ಲಾಭ ಪಡೆಯುವ ಪ್ರಾಣಿ ಲೋಕದಲ್ಲಿ ಸಾಹುಕಾರನೊಬ್ಬನೇ ಎಂದು ತಿಳಿಯಲಾಗಿತ್ತು. ಜಾಲಿಯೂ ಅವನ ಪಂಕ್ತಿಯಲ್ಲಿದೆ.

ಜಾಲಿಯು ಬೆಳೆದ ಕಡೆ ಬಯಲಿನ ಜೀವಗಳ ಗತಿಯೇನು? ಚಿಗರಿಗೆ ಬೇಕಾದುದು ದೂರ ನೋಡುವ ಕಣ್ಣಿಗೆ ಅಡ್ಡವಿಲ್ಲದ ನೆಲ. ಹುಲ್ಲಿನ ನೆಲ ಮುಚ್ಚಿದರೆ ಅದು ಹೊಲಕ್ಕೆ ಬರುವುದು. ಒಕ್ಕಲಿಗನು ಚಿಗರಿಯನ್ನು ಬಯ್ಯುವನು, ಗಾಯರಾಣವನ್ನು ನೆನೆಯುವವರಿಲ್ಲ. ಕಾಡುಹಂದಿಯಾದರೆ ಹಗಲೆಲ್ಲ ಈ ಪೊದೆಯಲ್ಲಿಯೇ ಅಡಗಿದ್ದು ರಾತ್ರಿ ಗೋವಿನಜೋಳಕ್ಕೆ ನುಗ್ಗುವುದು. ಎರೆಯ ಬಯಲಿನ ಹಕ್ಕಿಯೆಂದೇ ಹೆಸರು ಪಡೆದ ಎರೆಭೂತವು ಇಡೀ ದೇಶದಲ್ಲಿ ನೂರೈವತ್ತಕ್ಕಿಂತ ಕಡಿಮೆ ಸಂಖ್ಯೆಗೆ ಇಳಿದಿದೆ. ಕರ್ನಾಟಕದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟೇ ಉಳಿದವು. ಚಿಗರಿಗಾಗಿಯೇ ೧೯೭೪ರಲ್ಲಿ ಏರ್ಪಡಿಸಿದ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿಯೂ ನೀಲಗಿರಿಯ ತೋಪುಗಳನ್ನೆಬ್ಬಿಸಿದ ಬುದ್ಧಿವಂತಿಕೆಯನ್ನು ಏನೆಂದು ಕರೆಯಬೇಕೋ ವಾಚಕರೇ ಹೇಳಬೇಕು.

ಒಂದು ಪರದೇಶಿಯನ್ನು ಇನ್ನೊಂದು ಪರದೇಶಿಯಿಂದ ಓಡಿಸುವ ಆತುರಕ್ಕೂ ಈ ಸೀಮೆಯಲ್ಲಿ ದೃಷ್ಟಾಂತವಿದೆ. ಕಾಂಗ್ರೆಸ್ ಗಿಡವೆಂದು ಜನರು ಕರೆಯುವ ಪಾರ್ಥೇನಿಯಮ್ ಕಳೆಯು ೧೯೫೦ರ ದಶಕದಲ್ಲಿ ಪುಣೆಯಲ್ಲಿ ಪಂಡಿತರ ಕಣ್ಣಿಗೆ ಬಿದ್ದು, ಕೆಲವೇ ವರ್ಷಗಳಲ್ಲಿ ಈ ಕಡೆಯ ರಸ್ತೆ ಹೊಲಗಳನ್ನೆಲ್ಲ ತುಂಬಿ, ಜನರ ಚರ್ಮಕ್ಕೂ ಉಸಿರಿಗೂ ಪೀಡೆಯಾಯಿತು. ಧಾರವಾಡದ ಸುತ್ತ ತಗಚೆಯ ಜಾತಿಯ ಕ್ಯಾಸಿಯ ಯೂನಿಫ್ಲೋರ ಎಂಬ ಗಿಡವು ಅದನ್ನು ತುಳಿದು ಬೆಳೆಯುವುದನ್ನು ಕಂಡು, ಅದರ ಬೀಜವನ್ನು ಬಿತ್ತಿರೆಂಬ ಸಲಹೆ ಹೊರಟಿತು. ಆ ಗಿಡವೂ ಅಮೇರಿಕದ್ದೇ! ಅದೀಗ ತಾನೇ ಕಳೆಯೆಂದು ಪಟ್ಟಿಯಲ್ಲಿ ಸೇರಿದೆ. ಇದಕ್ಕೆ ಪ್ರತಿಯಾಗಿ, ಮೆಕ್ಸಿಕೋದಿಂದ ತಂದು ಪರೀಕ್ಷಿಸಿ ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯು ಪಾರ್ಥೇನಿಯಮ್ಮಿನ ಎಲೆಯನ್ನು ತಿಂದು ಒಂದಿಷ್ಟು ಉಪಕಾರ ಮಾಡಿತು. ಅದು ಸೂರ್ಯಕಾಂತಿಯನ್ನೂ ತಿನ್ನುವುದೆಂದು ಗುಲ್ಲೆದ್ದಾಗ ತಜ್ಞರು ಕೂಡಿ ವಿಚಾರಿಸಿ ಭಯವಿಲ್ಲವೆಂದು ಕಂಡುಕೊಂಡರು. ಆದರೆ ಮಳೆಗಾಲದಲ್ಲಿ ಮಾತ್ರ ಚುರುಕಾಗಿದ್ದು ಉಳಿದ ತಿಂಗಳು ಮಣ್ಣಿನಲ್ಲಿ ಮಲಗುವ ಆ ದುಂಬಿಯಿಂದ ರೋಣದಂಥ ಒಣಸೀಮೆಗೆ ಪೂರ್ಣ ಪ್ರಯೋಜನವಾಗದು. ಪಪಾಯಿಯ ಹಿಟ್ಟುತಿಗಣೆಯ ವಿಷಯದಲ್ಲಿ ೨೦೧೦ರಲ್ಲಿ ಪೋರ್ಟೊ ರಿಕೋದಿಂದ ಪರೋಪಜೀವಿ ಕೀಟವನ್ನು ತರಿಸಿ ಬೆಂಗಳೂರಿನ ಕೀಟಸಂಸ್ಥೆಯವರು ಸಂಪೂರ್ಣ ಜಯ ಪಡೆದರು. ಸಂಶೋಧನೆಯೆಂದರೆ ಇಂಥದು: ಮೊದಲು ಪರೀಕ್ಷೆ, ಅನಂತರ ಬಿಡುಗಡೆ. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಕಡೆ ಗೋವಿನಜೋಳದಲ್ಲಿ ಮೊದಲು ಸಿಕ್ಕ ಅಮೇರಿಕದ ಸೈನಿಕ ಹುಳುವು ಒಂದೆರಡು ವರ್ಷಗಳಲ್ಲಿ ದೇಶವನ್ನೆಲ್ಲ ವ್ಯಾಪಿಸಿದ್ದನ್ನು ನೋಡಿದವರು, ಇಂಥ ಪಂಡಿತರಿಗೆ ಕೊಡುವ ವೇತನವನ್ನು ವ್ಯರ್ಥವೆನ್ನಲಾರರು.

ಇದು ಮೂರು ತಾಲೂಕುಗಳ ಜಗಳ ಮಾತ್ರವಲ್ಲ. ಜೀವವೈವಿಧ್ಯವನ್ನು ಕುರಿತು ಅನೇಕ ರಾಷ್ಟ್ರಗಳ ಸರಕಾರಗಳು ನೇಮಿಸಿದ ಪಂಡಿತಮಂಡಲಿಯು ೨೦೨೩ರ ಸಪ್ಟೆಂಬರದಲ್ಲಿ ಪ್ರಕಟಿಸಿದ ವರದಿಯಂತೆ, ಮನುಷ್ಯನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದ ಜೀವಜಾತಿಗಳು ೩೭,೦೦೦ಕ್ಕೆ ಮಿಕ್ಕು. ಅವುಗಳಲ್ಲಿ ಹಾನಿಕರವಾದವು ೩,೫೦೦ಕ್ಕೆ ಹೆಚ್ಚು. ಜಗತ್ತಿನಿಂದ ನಿರ್ನಾಮವಾದ ಜೀವಗಳಲ್ಲಿ ನೂರಕ್ಕೆ ಅರುವತ್ತರಷ್ಟರ ನಾಶದಲ್ಲಿ ಇವುಗಳ ಕೈಯಿದೆ. ೨೦೧೯ರ ಹಾನಿಯ ಲೆಕ್ಕವೇ ೪೨,೩೦೦ ಕೋಟಿ ಡಾಲರು. ಅದಕ್ಕೆ ಮುಂಚೆಯೇ, ೨೦೨೨ರ ಡಿಸೆಂಬರದಲ್ಲಿ, ಮಾಂಟ್ರಿಯಾಲಿನಲ್ಲಿ ಕೂಡಿದ ರಾಷ್ಟ್ರಗಳು ಇಂಥ ಜಾತಿಗಳು ಹೊಸದಾಗಿ ಬಂದು ನೆಲೆಯೂರುವುದನ್ನು ೨೦೩೦ರೊಳಗೆ ಅರ್ಧಕ್ಕೆ ಇಳಿಸುವೆವೆಂದು ಒಪ್ಪಿದವು. ಭಾರತದಲ್ಲಿ ೨೦೦೨ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಪ್ರತಿಯೊಂದು ಪಂಚಾಯತಿಯಲ್ಲಿಯೂ ಒಂದು ಸಮಿತಿಯಿರಬೇಕು; ಊರಿನ ಗಿಡ, ಹುಲ್ಲು, ಹಕ್ಕಿ, ಮೃಗಗಳ ದಾಖಲೆಪುಸ್ತಕವಿರಬೇಕು. ದಾಖಲೆಗೆ ಆಯುಷ್ಯ ದೊರೆಯುವುದು ಕಪಾಟಿನಲ್ಲಲ್ಲ. ಯಾವ ಹಳ್ಳದಲ್ಲಿ ಜಾಲಿ ಯಾವ ವರ್ಷ ಕಾಲಿಟ್ಟಿತು, ಯಾವ ಹುಲ್ಲು ಯಾವ ವರ್ಷ ಕಾಣದಾಯಿತು ಎಂಬುದನ್ನು ಊರ ಮುದುಕ ಕುರಿಗಾರನು ಬಾಯಲ್ಲೇ ಹೇಳಬಲ್ಲನು. ಬರೆದುಕೊಳ್ಳುವ ವಿದ್ಯಾವಂತನು ಅವನ ಬಳಿಗೆ ಹೋಗಬೇಕಾಗಿದೆ.

ಹಾಗಾದರೆ ಜಾಲಿಯನ್ನು ಯಂತ್ರ ತಂದು ಒಂದೇ ಬೇಸಗೆಯಲ್ಲಿ ನೆಲಸಮ ಮಾಡಿಬಿಡೋಣವೆನ್ನುವ ಉತ್ಸಾಹಿಗಳೂ ಉಂಟು. ಇವರು ಜಾಲಿಯ ಶತ್ರುಗಳೆಂದು ತಿಳಿದಿದ್ದಾರೆ; ವಸ್ತುತಃ ಅದರ ಮಿತ್ರರು. ಕೆದಕಿದ ಬರಿಯ ನೆಲದಲ್ಲಿ ಹಳೆಯ ಬೀಜವು ಮೊದಲ ಮಳೆಗೇ ಸಾವಿರವಾಗಿ ಏಳುವುದು. ಕರಿಕೆ ಹೊಕ್ಕ ಹೊಲವನ್ನು ಎರೆಯ ಒಕ್ಕಲಿಗನು ಹೇಗೆ ಶುದ್ಧ ಮಾಡುವನೆಂಬುದನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ: ಆಳವಾಗಿ ಅಗೆದು, ಬೇರನ್ನು ಆಯ್ದು, ಮರುವರ್ಷ ಮತ್ತೆ ನೋಡಿ, ಮೂರನೆಯ ವರ್ಷವೂ ಬಿಡದೆ ಕೈಹಾಕುವನು. ಜಾಲಿಗೂ ಅದೇ ಕ್ರಮ. ಕಾಯಿ ಮಾಗುವ ಮುನ್ನ, ಚಿಗುರುವ ಬುಡವನ್ನು ಮಣ್ಣಿನೊಳಗಿಂದ ತೆಗೆಯಬೇಕು. ತೆಗೆದಲ್ಲಿ ಊರ ಹುಲ್ಲಿನ ಬೀಜವನ್ನು ಚೆಲ್ಲಬೇಕು. ಉದುರಿದ ಕಾಯಿಯನ್ನು ದನಕ್ಕೆ ಹಾಕುವುದಾದರೆ ಬೀಸಿ ಬೀಜ ಒಡೆದು ಹಾಕಬೇಕು. ಒಂದು ಊರಿಗೆ ಒಂದು ಹಳ್ಳದ ದಂಡೆ, ಒಂದು ಗಾಯರಾಣದ ತುಂಡು ಸಾಕು. ಹಿಡಿದುದನ್ನು ಮೂರು ವರ್ಷ ಬಿಡದಿದ್ದರಾಯಿತು.

ದಸರೆಯಲ್ಲಿ ಬಂಗಾರವೆಂದು ಹಂಚುವ ಬನ್ನಿಯು ಈ ಜಾಲಿಗೆ ದಾಯಾದಿಯೆಂಬುದನ್ನು ಅನೇಕರು ಅರಿಯರು. ಎರಡನ್ನೂ ಸಸ್ಯಶಾಸ್ತ್ರಜ್ಞರು ಪ್ರೊಸೊಪಿಸ್ ಎಂಬ ಒಂದೇ ಕುಲದಲ್ಲಿಟ್ಟಿದ್ದರು. ೨೦೨೨ರಲ್ಲಿ ಆ ಕುಲವನ್ನು ಒಡೆದು, ಬನ್ನಿಗೆ ಹಳೆಯ ಹೆಸರನ್ನೇ ಉಳಿಸಿ, ಜಾಲಿಗೆ ನೆಲ್ಟುಮಾ ಎಂಬ ಬೇರೆ ಹೆಸರು ಕೊಟ್ಟರು. ಬನ್ನಿಯ ಕೆಳಗೆ ಜೋಳವೂ ಹುಲ್ಲೂ ಬೆಳೆಯುತ್ತವೆ. ಜಾಲಿಯ ಕೆಳಗೆ ಜಾಲಿ. ಮಳೆಗಾಲದಲ್ಲಿ ನಡೆಯುವ ವನಮಹೋತ್ಸವಕ್ಕಾಗಿ ಸಸಿಗಳ ಪಟ್ಟಿಯು ಪಂಚಾಯತಿಗಳಲ್ಲಿಯೂ ಶಾಲೆಗಳಲ್ಲಿಯೂ ಬೇಸಗೆಯಲ್ಲೇ ಸಿದ್ಧವಾಗುತ್ತದೆ. ಗುಲಮೊಹರು, ನೀಲಗಿರಿ, ಆಸ್ಟ್ರೇಲಿಯದ ಅಕೇಶಿಯಗಳ ಹೆಸರನ್ನು ಅದರಿಂದ ಹೊಡೆದುಹಾಕಿ, ಊರ ಸುತ್ತಲಿಗೆ ಬನ್ನಿ, ಬೇವು, ಹುಣಸೆ, ಬಾರಿ, ಕರಿಜಾಲಿಗಳನ್ನು ಬರೆಯಿಸುವ ಕೆಲಸ ಒಂದು ಅರ್ಜಿಯಿಂದ ಆಗತಕ್ಕದ್ದು. ಗಾಯರಾಣದ ಹೆಸರಿನ ಮುಂದೆ ಸಸಿಗಳ ಸಂಖ್ಯೆಯನ್ನು ತುಂಬುವ ಕಲಮಿನಲ್ಲಿ ‘ಹುಲ್ಲು’ ಎಂದು ಬರೆಯಿಸಲು ಮಾತ್ರ ಎರಡನೆಯ ಅರ್ಜಿ ಬೇಕಾದೀತು.