ಬೂಸ್ಟು ಹಿಡಿದ ಹಿಂಡಿ ಹಾಲಿಗೂ ಇಳಿಯುತ್ತದೆ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಕಡೆ ಹೋದರೂ ಮಳೆಗಾಲದಲ್ಲಿ ನನ್ನ ಕಿವಿಗೆ ಬೀಳುವ ಮಾತು ಒಂದೇ: "ಸ್ವಲ್ಪ ಬೂಸ್ಟು ಬಂದೈತಿ ಡಾಕ್ಟ್ರೇ. ನಮಗಂತೂ ಬ್ಯಾಡ, ಎಮ್ಮಿಗೆ ಹಾಕಿದ್ರಾತು."

ದುಡ್ಡು ಕೊಟ್ಟು ತಂದ ಶೇಂಗಾ ಹಿಂಡಿ, ಬೆವರು ಸುರಿಸಿ ಬೆಳೆದ ಮೆಕ್ಕೆಜೋಳ. ಎಸೆಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಶೇಂಗಾ ಹಿಂಡಿ ತಿಂದೇ. ಎಮ್ಮೆ, ಹಸು ಹಾಗೆ ಒಮ್ಮೆಲೇ ಸಾಯುವುದಿಲ್ಲ. ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಈಲಿ ಕೆಡುತ್ತದೆ. ತಿಂದ ಒಂದು ದಿನದೊಳಗೆ ವಿಷದ ಪಾಲು ಹಾಲಿಗೂ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಆ ಹಾಲನ್ನು ಮೊದಲು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ.

2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368ರಲ್ಲಿ! ಹಾಲಿಗೆ ನೀರು ಹಾಕುವವರನ್ನು ನಾವು ಬೈಯುತ್ತೇವೆ, ಹಿಂಡಿ ಚೀಲದ ಕಡೆ ನೋಡುವುದೇ ಇಲ್ಲ.

ಈ ವಿಷಕ್ಕೊಂದು ಗುಣವಿದೆ. ನೇರಳಾತೀತ ಬೆಳಕು ಬಿದ್ದರೆ ಒಂದು ಬಗೆಯದು ನೀಲಿಯಾಗಿ, ಇನ್ನೊಂದು ಹಸಿರಾಗಿ ಹೊಳೆಯುತ್ತದೆ. ಪ್ರಯೋಗಾಲಯದ ಬೆಳಕಿನ ಸೆನ್ಸರ್‌ಗಳು ಆ ಹೊಳಪನ್ನೇ ಅಳೆದು ವಿಷ ಎಷ್ಟಿದೆ ಎಂದು ಹೇಳುತ್ತವೆ. ಮಿತಿ ಎಂದರೆ ಒಂದು ಕೆ.ಜಿ. ಹಾಲಿನಲ್ಲಿ 0.5 ಮೈಕ್ರೋಗ್ರಾಂ. ಅದು ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು.

ನನ್ನ ಅಭಿಪ್ರಾಯ ಇಷ್ಟೇ: ಪರೀಕ್ಷೆ ಹಾಲಿನಿಂದಲ್ಲ, ಹಿಂಡಿಯಿಂದ ಶುರುವಾಗಬೇಕು. ಹತ್ತೂರಿನ ಹಾಲು ಟ್ಯಾಂಕರಿನಲ್ಲಿ ಬೆರೆತ ಮೇಲೆ ತಪ್ಪು ಯಾರದೆಂದು ತಿಳಿಯದು, ನಷ್ಟ ಮಾತ್ರ ಎಲ್ಲರದು. ಒಂದೊಂದು ಮನೆಗೆ ಪರೀಕ್ಷೆಯ ಖರ್ಚು ಹೊರೆ. ಆದರೆ ಸಂಘದವರೆಲ್ಲ ಸೇರಿ ಒಂದೇ ಕಡೆ ಹಿಂಡಿ ಕೊಂಡರೆ ಒಂದು ಲೋಡಿಗೆ ಒಂದು ಪರೀಕ್ಷೆ ಸಾಕು. ಮಾರುವವನನ್ನು ವರದಿ ಕೇಳುವ ಧೈರ್ಯವೂ ಬರುತ್ತದೆ. ಮುಂದಿನ ಮಹಾಸಭೆಯಲ್ಲಿ ಈ ಮಾತನ್ನು ನೀವೇ ಎತ್ತಿರಿ. ಹಾಲಿನ ದರ ಕೇಳುವಷ್ಟೇ ಗಟ್ಟಿಯಾಗಿ ಕೇಳಿರಿ.

ಅಲ್ಲಿಯವರೆಗೆ ಮೆಕ್ಕೆಜೋಳ ಚೆನ್ನಾಗಿ ಒಣಗಿಸಿ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಬೂಸ್ಟು ಕಂಡ ಹಿಂಡಿಯನ್ನು ಬಿಸಿಲಿಗೆ ಹಾಕಿ ಝಾಡಿಸಿ ತಿನ್ನಿಸಬೇಡಿ. ಬೂಸ್ಟು ಉದುರುತ್ತದೆ, ವಿಷ ಉಳಿಯುತ್ತದೆ. ಅಂಥ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.

ನಮಗೆ ಬೇಡವಾದದ್ದು ಎಮ್ಮೆಗೂ ಬೇಡ. ಅದು ತಿಂದದ್ದೇ ಸಂಜೆ ನಮ್ಮ ಲೋಟಕ್ಕೆ ಬರುವುದು.