ರವಿವಾರದ ವಿಹಾರವೂ ವರ್ತಕರ ಲೆಕ್ಕವೂ

ವಾರದ ಆರು ದಿನ ವಾಹನಗಳ ದಟ್ಟಣೆಯಲ್ಲಿ ಮುಳುಗಿರುವ ಕೊಡಿಯಾಲ್‌ಬೈಲ್ ರವಿವಾರದಂದು ಬೇರೆಯೇ ಊರಿನಂತೆ ಕಾಣುತ್ತದೆ. ಕಾಲೇಜುಗಳಿಗೂ ಬ್ಯಾಂಕುಗಳಿಗೂ ವಕೀಲರ ಕಚೇರಿಗಳಿಗೂ ಅಂದು ರಜೆ. ಮಹಾತ್ಮಾ ಗಾಂಧಿ ರಸ್ತೆಯ ಬದಿಯಲ್ಲಿ ವಾಹನ ನಿಲ್ಲಿಸಲು ಸ್ಥಳ ದೊರೆಯುವ ಅಪರೂಪದ ದಿನವದು. ಆದರೆ ಅದೇ ದಿನ ಅನೇಕ ಅಂಗಡಿಗಳ ಬಾಗಿಲೂ ಮುಚ್ಚಿರುತ್ತದೆ. ಗ್ರಾಹಕನಿಗೆ ಬಿಡುವಿರುವ ದಿನವೇ ಪೇಟೆಗೂ ಬಿಡುವು.

ಇಂದು ನಗರದ ಕುಟುಂಬಗಳು ರವಿವಾರ ಮನೆಯಲ್ಲಿ ಉಳಿಯುವುದು ಕಡಿಮೆ. ಇಟಲಿಯ ಕಲಾವಿದ ಆಂಟೋನಿಯೊ ಮೊಸ್ಕೇನಿ ಚಿತ್ರಿಸಿದ ಸಂತ ಅಲೋಶಿಯಸ್ ಚಾಪೆಲ್, ಕದ್ರಿ ಉದ್ಯಾನ, ಪಿಲಿಕುಳ, ಪಣಂಬೂರು ಕಡಲತೀರ ಇವೆಲ್ಲ ವಿಹಾರದ ತಾಣಗಳು. ವಿಹಾರಕ್ಕೆ ಹೊರಟವರು ಐಸ್‌ಕ್ರೀಮ್ ಸವಿಯುತ್ತಾರೆ, ಮಕ್ಕಳಿಗೆ ಆಟಿಕೆ, ಬಟ್ಟೆಬರೆ ಕೊಳ್ಳುತ್ತಾರೆ. ಆ ಖರೀದಿಯ ದೊಡ್ಡ ಪಾಲು ಸಲ್ಲುವುದು ಮಾಲ್‌ಗಳಿಗೆ. ಕೆ.ಎಸ್. ರಾವ್ ರಸ್ತೆಯಲ್ಲಿ 2010ರಲ್ಲಿ, ಪಾಂಡೇಶ್ವರದಲ್ಲಿ 2014ರಲ್ಲಿ ಬೃಹತ್ ಮಾಲ್‌ಗಳು ತೆರೆದ ಬಳಿಕ, ಮಳೆಗಾಲದ ನಾಲ್ಕು ತಿಂಗಳಲ್ಲೂ ನೆನೆಯದೆ ಸುತ್ತಾಡಬಹುದಾದ ಪೇಟೆಯೊಂದು ಜನರಿಗೆ ದೊರೆತಂತಾಯಿತು. ಮಾಲ್‌ಗೆ ರವಿವಾರವೇ ಸುಗ್ಗಿ.

ಹಾಗೆಂದು ಎಲ್ಲ ವರ್ತಕರೂ ರವಿವಾರ ಬಾಗಿಲು ತೆರೆಯಬೇಕೆಂದು ಹೇಳುವುದು ಸರಿಯಾಗದು. ಈ ರಜೆ ಸುಲಭವಾಗಿ ದೊರೆತದ್ದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ನೇತೃತ್ವದ ಹೋರಾಟದ ಫಲವಾಗಿ ಮುಂಬಯಿಯ ಗಿರಣಿ ಕಾರ್ಮಿಕರು ಅದನ್ನು 1890ರಲ್ಲಿ ಪಡೆದುಕೊಂಡರು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಪ್ರತಿಯೊಬ್ಬ ನೌಕರನಿಗೆ ವಾರದಲ್ಲಿ ಒಂದು ಪೂರ್ಣ ದಿನದ ರಜೆಯನ್ನು ನೀಡಿದೆ. ಆ ದಿನ ರವಿವಾರವೇ ಆಗಿರಬೇಕೆಂಬ ನಿಯಮವಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ವರ್ಷದ ಎಲ್ಲ ದಿನವೂ ತೆರೆದಿರಬಹುದೆಂದು ರಾಜ್ಯ ಸರಕಾರವು 2021ರ ಜನವರಿಯಲ್ಲಿ ಮೂರು ವರ್ಷಗಳ ಅವಧಿಗೆ ಆದೇಶ ಹೊರಡಿಸಿತು. ಮಾಲೀಕ ಮತ್ತು ಮೂವರು ನೌಕರರಿರುವ ಸಣ್ಣ ಅಂಗಡಿ ಆ ಆದೇಶದ ವ್ಯಾಪ್ತಿಗೆ ಬರಲಿಲ್ಲ. ಸರದಿಯಂತೆ ರಜೆ ಕೊಡುವಷ್ಟು ಜನಬಲವೂ ಅದಕ್ಕಿಲ್ಲ.

ಇನ್ನು ಲೆಕ್ಕದ ಮಾತು. ಬಾಡಿಗೆ, ಬಡ್ಡಿ, ವಿಮೆ ಇವು ಅಂಗಡಿ ಮುಚ್ಚಿದ್ದರೂ ನಡೆಯುವ ಖರ್ಚುಗಳು. ರವಿವಾರ ತೆರೆದರೆ ಹೆಚ್ಚಾಗಿ ಬೀಳುವುದು ಸಂಬಳ, ವಿದ್ಯುತ್ ಮತ್ತು ಸಣ್ಣಪುಟ್ಟ ವೆಚ್ಚ. ಉದಾಹರಣೆಗೆ ಅದು ರೂ. 3,000 ಎನ್ನೋಣ, ಮಾರಾಟದ ಮೇಲೆ ಶೇ. 20 ಲಾಭಾಂಶವಿದ್ದರೆ ರೂ. 15,000ದ ಮಾರಾಟಕ್ಕೆ ಖರ್ಚು ಹುಟ್ಟುತ್ತದೆ. ಆದರೆ ಈ ಮಾರಾಟ ಹೊಸದಾಗಿರಬೇಕು. ಸೋಮವಾರ ಬರಲಿದ್ದ ಗಿರಾಕಿ ಒಂದು ದಿನ ಮುಂಚಿತವಾಗಿ ಬಂದರೆ ಖರ್ಚು ಮಾತ್ರ ಬೆಳೆಯಿತು. ಆದ್ದರಿಂದ ರವಿವಾರದ ಗಲ್ಲಾಪೆಟ್ಟಿಗೆಯನ್ನಷ್ಟೇ ನೋಡದೆ ಇಡೀ ತಿಂಗಳ ಮಾರಾಟವನ್ನು ಹಿಂದಿನ ವರ್ಷದ ಅದೇ ತಿಂಗಳೊಡನೆ ಹೋಲಿಸುವುದು ವಿವೇಕ. ತಿಂಡಿತಿನಿಸು, ಪುಸ್ತಕ, ಆಟಿಕೆ, ಸಿದ್ಧ ಉಡುಪುಗಳಿಗೆ ವಿಹಾರದ ಗಿರಾಕಿಯಿದ್ದಾನೆ; ಕಬ್ಬಿಣದ ಸಾಮಾನು, ಬಿಡಿಭಾಗಗಳ ವ್ಯಾಪಾರಿಗೆ ಅವನಿಂದ ಪ್ರಯೋಜನ ಅತ್ಯಲ್ಪ.

ಈ ಲೆಕ್ಕದಲ್ಲಿ ಬಾರದ ಬಾಬತ್ತು ಒಂದಿದೆ. ನೌಕರನಿಗೆ ಮಂಗಳವಾರ ರಜೆ ಕೊಟ್ಟರೆ ಕಾಯ್ದೆ ಪಾಲಿಸಿದಂತಾಯಿತು, ಆದರೆ ಅಂದು ಅವನ ಮಕ್ಕಳು ಶಾಲೆಯಲ್ಲಿರುತ್ತಾರೆ. ಅವನಿಗೂ ಮಕ್ಕಳ ಕೈಹಿಡಿದು ಪಣಂಬೂರಿಗೆ ಹೋಗುವ ಆಸೆಯಿರುವುದು ಸಹಜ. ಮಾಲೀಕರ ಮನೆಯ ಸ್ಥಿತಿಯೂ ಭಿನ್ನವಲ್ಲ. ಒಂದು ರವಿವಾರವೂ ತಂದೆ ಮನೆಯಲ್ಲಿರುವುದನ್ನು ಕಾಣದೆ ಬೆಳೆದ ಮಗ ಅಂಗಡಿಯ ಗಾದಿಗಿಂತ ಬೆಂಗಳೂರಿನ ನೌಕರಿಯನ್ನೇ ಬಯಸಿದರೆ ಅವನನ್ನು ದೂಷಿಸಲಾಗದು.

ಎರಡನ್ನೂ ಸರಿದೂಗಿಸುವ ದಾರಿಯೊಂದಿದೆ. ಒಂದೇ ರಸ್ತೆಯ ವರ್ತಕರು ಕೂಡಿ ತಿಂಗಳಿಗೆ ಒಂದು ರವಿವಾರವನ್ನು ಗೊತ್ತುಮಾಡಿಕೊಂಡು, ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಒಟ್ಟಾಗಿ ತೆರೆಯಬಹುದು. ಆ ವಾರದ ನೌಕರರಿಗೆ ಪೂರ್ಣ ದಿನದ ಬದಲಿ ರಜೆ ಕೊಟ್ಟು, ಉಳಿದ ರವಿವಾರಗಳನ್ನು ಅವರಿಗೇ ಬಿಡಬಹುದು. ಆ ಸಂಜೆ ರಸ್ತೆಯ ಒಂದು ಭಾಗವನ್ನು ಪಾದಚಾರಿಗಳಿಗೆ ಮೀಸಲಿಡುವಂತೆ ಮಹಾನಗರ ಪಾಲಿಕೆ ಮತ್ತು ಪೊಲೀಸ್ ಇಲಾಖೆಯನ್ನು ಕೋರಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳ ಕಾಲ ವಾರಾಂತ್ಯಗಳಲ್ಲಿ ವಾಹನ ಸಂಚಾರವನ್ನು ತಡೆದ ನಿದರ್ಶನವಿದೆ. ಗೇರುಬೀಜ, ಹಪ್ಪಳ, ಉಡುಪಿ ಸೀರೆಯಂತಹ ವಸ್ತುಗಳ ಸಣ್ಣ ಉತ್ಪಾದಕರಿಗೂ ಅಲ್ಲಿ ಮಳಿಗೆಗೆ ಅವಕಾಶ ನೀಡಿದರೆ ಮಧ್ಯವರ್ತಿಗಳಿಲ್ಲದೆ ಗ್ರಾಹಕರನ್ನು ತಲುಪಿಯಾರು.

ಮಳೆ ನಿಂತ ನಂತರದ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಐದು ರವಿವಾರಗಳು ಈ ಪ್ರಯೋಗಕ್ಕೆ ಸಾಕು. ಲೆಕ್ಕ ತಾಳೆಯಾದರೆ ಮುಂದುವರಿಸಬಹುದು. ಆಗದಿದ್ದರೆ ಬಾಗಿಲು ಮುಚ್ಚಿ, ಮನೆಯವರೊಡನೆ ಕದ್ರಿಗೋ ಕಡಲತೀರಕ್ಕೋ ಹೋಗಬಹುದು. ವರ್ತಕ ಬಾಂಧವರು ಈ ಬಗ್ಗೆ ಒಟ್ಟಿಗೆ ಕುಳಿತು ಚಿಂತಿಸುವುದು ಅಗತ್ಯ.